ಉಡಿ ತುಂಬಿದರೆ ಪಾಲು ತೀರದು

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿದ್ದ ನಮ್ಮ ಹಿರಿಯರ ಮನೆಯನ್ನು 2024ರ ಡಿಸೆಂಬರ್ ಮಾಸದಲ್ಲಿ ಮಾರಿದೆವು. ತಂದೆಯವರು ಉಯಿಲು ಬರೆಯದೆ ಕಾಲವಶರಾದ ತರುವಾಯ ತಾಯಿ ರಾಯಚೂರಿನಲ್ಲಿ ನನ್ನೊಡನೆ ನೆಲೆಸಿದ್ದರಿಂದಲೂ, ಮಳೆಗಾಲಕ್ಕೆ ಮುನ್ನ ಮಾಳಿಗೆಯ ಮೇಲೆ ಹೊಸ ಮಣ್ಣು ಹರಡಿಸುವವರಿಲ್ಲದೆ ಪಡಸಾಲೆಯ ಜಂತಿಗಳು ನೀರುಂಡು ಕಪ್ಪಾಗತೊಡಗಿದ್ದರಿಂದಲೂ ಮಾರಾಟವು ಅನಿವಾರ್ಯವಾಯಿತು. ಆ ದುಃಖದ ವಿಸ್ತಾರಕ್ಕೆ ಇಲ್ಲಿ ಹೋಗೆನು. ನಾನು ಹೇಳಬೇಕಾಗಿರುವುದು ಹಣದ ವಿಚಾರ. ಅದರಲ್ಲಿಯೂ ಮದುವೆಯಾಗಿ ಪರಸ್ಥಳಕ್ಕೆ ಹೋದ ಹೆಣ್ಣುಮಕ್ಕಳ ಹಣದ ವಿಚಾರ.

ರಾಯಚೂರು ಸೀಮೆಯು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುದರಿಂದ ಅಜ್ಜನವರ ಖರೀದಿ ಪತ್ರವು ಉರ್ದುವಿನಲ್ಲಿತ್ತು. ಅದನ್ನು ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿ ಕನ್ನಡಕ್ಕೆ ಇಳಿಸಿಕೊಂಡ ಮೇಲೆಯೇ ಚೆಕ್ಕುಬಂದಿಯು ನಿಶ್ಚಯವಾಯಿತು. ಬಳಿಕ ವಂಶಾವಳಿ, ಪಂಚಾಯಿತಿಯಲ್ಲಿ ವಾರಸುದಾರರೆಲ್ಲರ ಹೆಸರಿಗೆ ಖಾತೆ, ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಋಣಭಾರ ಪತ್ರ. ಇವು ತಾಳ್ಮೆಯಿಂದ ಆಗುವ ಕೆಲಸಗಳು.

ತಾಳ್ಮೆಗಿಂತ ಹೆಚ್ಚಿನದನ್ನು ಬೇಡಿದ್ದು ಪಾಲಿನ ಪ್ರಶ್ನೆ. ಅಜ್ಜನಿಗೆ ತಂದೆಯವರು ಏಕಮಾತ್ರ ಸಂತಾನ. ಅಜ್ಜ ತೀರಿಕೊಂಡದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದ ಎಷ್ಟೋ ವರ್ಷಗಳ ಮೇಲೆ. ಆದಕಾರಣ ಉಯಿಲಿಲ್ಲದ ತಂದೆಯ ಸ್ವತ್ತಿನಲ್ಲಿ ತಾಯಿಗೂ, ನನಗೂ, ನನ್ನ ಅಕ್ಕನಿಗೂ, ತಂಗಿಗೂ ಸಮಪಾಲು. ಅವಿಭಕ್ತ ಕುಟುಂಬದ ಆಸ್ತಿಯೇ ಆಗಿದ್ದರೂ 2005ರ ತಿದ್ದುಪಡಿ ಮಗಳನ್ನು ಜನ್ಮತಃ ಹಕ್ಕುದಾರಳೆಂದು ಮಾಡಿದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ನಿರ್ಣಯಿಸಿತು. ಇಷ್ಟಾದರೂ ಊರಿನ ಕಟ್ಟೆಯ ಮೇಲೆ ಕುಳಿತ ನಮ್ಮ ದೊಡ್ಡಪ್ಪನ ವರಸೆಯ ಹಿರಿಯರೊಬ್ಬರು ಅತ್ಯಂತ ಪ್ರೀತಿಯಿಂದಲೇ ನನಗೆ ಹೇಳಿದ ಮಾತು: “ಅಕ್ಕ-ತಂಗೇರಿಗೆ ಸೀರೆ ಕೊಟ್ಟು, ಉಡಿ ತುಂಬಿ ಸಹಿ ಹಾಕಿಸ್ಕೋ, ಮುಗೀತು.” ಉಡಿ ತುಂಬುವುದು ನಮ್ಮ ನಾಡಿನ ಪವಿತ್ರವಾದ ಆಚಾರ. ಅದನ್ನು ಹಕ್ಕು ಬಿಡುಗಡೆ ಪತ್ರದ ಪ್ರತಿಫಲವನ್ನಾಗಿ ಮಾಡುವುದು ಆ ಆಚಾರಕ್ಕೂ ಅಪಚಾರ, ಒಡಹುಟ್ಟಿದವಳಿಗೂ ಅನ್ಯಾಯ.

ಈ ಅನ್ಯಾಯಕ್ಕೆ ಇನ್ನೊಂದು ಗುಪ್ತ ಮಾರ್ಗವುಂಟು. ಮೊದಲು ಬಂದ ಕೊಳ್ಳುವವರು ಒಟ್ಟು 26 ಲಕ್ಷ ರೂಪಾಯಿ ಕೊಡಲು ಸಿದ್ಧರಿದ್ದರು. ಆದರೆ ಮಾರ್ಗಸೂಚಿ ಬೆಲೆಯ ಸಮೀಪಕ್ಕೆ 14 ಲಕ್ಷವನ್ನು ಮಾತ್ರ ಪತ್ರದಲ್ಲಿ ಕಾಣಿಸಿ, ಉಳಿದ 12 ಲಕ್ಷವನ್ನು ನಗದಾಗಿ ನನ್ನ ಕೈಗಿಡುವುದು ಅವರ ನಿಬಂಧನೆ. ಸ್ಥಿರಾಸ್ತಿಯ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ಪಡೆದವನಿಗೆ ಅಷ್ಟೇ ಮೊತ್ತದ ದಂಡವನ್ನೂ ವಿಧಿಸಬಲ್ಲದು. ಅದಕ್ಕೂ ಮಿಗಿಲಾದ ದೋಷವೆಂದರೆ, ಪತ್ರಕ್ಕೆ ಸಹಿ ಹಾಕುವ ಸೋದರಿಗೆ 14 ಲಕ್ಷದ ಕಾಲುಭಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಮಿಕ್ಕದ್ದು ಸೋದರನ ಮನಸ್ಸಾಕ್ಷಿಯನ್ನು ಅವಲಂಬಿಸಿರುತ್ತದೆ. ನಾವು ಎರಡು ಲಕ್ಷ ಕಡಿಮೆಯಾದರೂ, ಪೂರ್ಣ ಮೊತ್ತವನ್ನು ಬ್ಯಾಂಕಿನ ಮೂಲಕ ಕೊಡುವವರಿಗೆ 24 ಲಕ್ಷಕ್ಕೆ ಮನೆಯನ್ನು ಕೊಟ್ಟೆವು.

ತೆರಿಗೆಯ ಭಯವೇ ಜನರನ್ನು ನಗದಿನತ್ತ ತಳ್ಳುತ್ತದೆಯಾದ್ದರಿಂದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ತಲಾ ಪಾಲು 6 ಲಕ್ಷ. ಹಳೆಯ ಆಸ್ತಿಗೆ 2001ರ ಏಪ್ರಿಲ್ 1ರ ಮೌಲ್ಯವನ್ನು, ಅಂದಿನ ಮಾರ್ಗಸೂಚಿ ಬೆಲೆಯನ್ನು ಮೀರದಂತೆ, ಅಸಲಾಗಿ ಹಿಡಿಯಬಹುದು. ನಮ್ಮಲ್ಲಿ ಅದು ತಲಾ 1 ಲಕ್ಷವಾಯಿತು. 2024ರ ಜುಲೈ 23ರಿಂದ ಮಾರಾಟದ ಲಾಭದ ಮೇಲಿನ ತೆರಿಗೆಯ ದರವು ಶೇಕಡಾ 12.5 ಆಗಿ, ಬೆಲೆಯೇರಿಕೆಯ ಸೂಚ್ಯಂಕದ ಸೌಲಭ್ಯವು ರದ್ದಾಯಿತು. ಆದರೆ ಅದಕ್ಕೆ ಮೊದಲೇ ಕೈಸೇರಿದ್ದ ಭೂಮಿ, ಕಟ್ಟಡಗಳಿಗೆ ಸೂಚ್ಯಂಕ ಸಹಿತ ಶೇಕಡಾ 20ರ ಹಳೆಯ ಲೆಕ್ಕವು ಲಾಭಕರವಾದರೆ ಅದನ್ನೇ ಅನುಸರಿಸಬಹುದು. ಆ ವರ್ಷದ ಸೂಚ್ಯಂಕ 363 ಆದುದರಿಂದ ನನ್ನ 1 ಲಕ್ಷವು 3.63 ಲಕ್ಷವೆನಿಸಿ, ಲಾಭವು 2.37 ಲಕ್ಷಕ್ಕಿಳಿದು, ಉಪಕರವನ್ನುಳಿದು 47,400 ರೂಪಾಯಿ ತೆರಿಗೆಯಾಯಿತು. ಹೊಸ ಲೆಕ್ಕದಲ್ಲಿ ಅದು 62,500 ಆಗುತ್ತಿತ್ತು. ಬೇರೆ ಆದಾಯವಿಲ್ಲದ ಅಕ್ಕ-ತಂಗಿಯರಿಗೆ ಮೂಲ ವಿನಾಯಿತಿಯೂ ದೊರೆತು ಭಾರವು ಇನ್ನೂ ಹಗುರಾಯಿತು.

ಮಾನ್ವಿಯ ಉಪನೋಂದಣಿ ಕಚೇರಿಯಲ್ಲಿ ಬೆರಳಚ್ಚು ಕೊಡುವ ಮುನ್ನ ನಾಲ್ಕು ಡಿ.ಡಿ.ಗಳು ನಮ್ಮ ನಮ್ಮ ಕೈಸೇರಿದವು. ಅಕ್ಕ ತನ್ನದನ್ನು ಬೆಳಕಿಗೆ ಹಿಡಿದು, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಓದಿಕೊಂಡಳು. ಅವಳ ಹೆಸರಿಗೆ ಅಷ್ಟು ಹಣ ಬಂದದ್ದು ಅದೇ ಮೊದಲು. ಉಡಿಯನ್ನೂ ಆ ಸಂಜೆ ತುಂಬಿದೆವು.

ಮನೆ ಮಾರಲು ಹೊರಟಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟು: ಇಸಾರ ಪತ್ರದಲ್ಲಿಯೇ ಪ್ರತಿಯೊಬ್ಬ ಹಕ್ಕುದಾರರ ಪಾಲನ್ನೂ ಅವರವರ ಬ್ಯಾಂಕ್ ಖಾತೆಯ ಸಂಖ್ಯೆಯನ್ನೂ ಬರೆಯಿಸಿರಿ, ಅದಕ್ಕೊಪ್ಪದ ಕೊಳ್ಳುವವರನ್ನು ಬಿಟ್ಟು ಇನ್ನೊಬ್ಬರು ಬರುವವರೆಗೆ ಕಾಯಿರಿ.