ಪರಿಹಾರದ ಹಣ ಮತ್ತು ವಕೀಲರ ಫೀ: ಸದಸ್ಯರು ತಿಳಿದಿರಬೇಕಾದ ಕಾನೂನು



ಕಾರವಾರ, ಅಂಕೋಲಾ ತಾಲೂಕುಗಳ ರೈತರಿಗೆ ಭೂಸ್ವಾಧೀನ ಹೊಸ ಮಾತಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಗದ್ದೆ, ತೋಟ, ಮನೆಗಳು ಹೋದವು. ಆಮೇಲೆ ಹೆದ್ದಾರಿ ಅಗಲೀಕರಣಕ್ಕೂ ಜಾಗ ಹೋಯಿತು. ಹೆಚ್ಚಿನ ಪರಿಹಾರಕ್ಕಾಗಿ ಹೂಡಿದ ಸೀಬರ್ಡ್ ಪ್ರಕರಣಗಳು ವರ್ಷಗಟ್ಟಲೆ ನಡೆದವು.

ಇಂಥ ಪ್ರಕರಣಗಳಲ್ಲಿ "ಗೆದ್ದರೆ ಬಂದ ಹಣದಲ್ಲಿ ಇಷ್ಟು ಪಾಲು" ಎಂದು ವಕೀಲರು ಕೇಳಿದರೆ ಒಪ್ಪಬೇಕಾಗಿಲ್ಲ. ಪ್ರಕರಣದ ಫಲಿತಾಂಶಕ್ಕೆ ತಕ್ಕಂತೆ ಫೀ ಗೊತ್ತುಮಾಡುವುದನ್ನು, ಬಂದ ಹಣದಲ್ಲಿ ಪಾಲು ಪಡೆಯುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಕೈಯಲ್ಲಿ ಕಾಸಿಲ್ಲದ ರೈತನಿಗೆ ಪಾಲಿನ ಕರಾರು ಹಗುರವೆನಿಸುವುದು ಸಹಜ. ಭಾರ ತಿಳಿಯುವುದು ಚೆಕ್ ಬಂದ ದಿನ. ಆದ್ದರಿಂದ ವಕಾಲತ್ತಿಗೆ ಸಹಿ ಹಾಕುವ ಮೊದಲೇ ಫೀ ಎಷ್ಟೆಂದು ಬರೆಸಿಕೊಳ್ಳಿ, ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಡೇರಿಯಲ್ಲಿ ಲೀಟರು, ಫ್ಯಾಟ್ ಬರೆದ ಚೀಟಿಯಿಲ್ಲದೆ ನಾವು ಮನೆಗೆ ಬರುತ್ತೇವೆಯೇ?

ನಿಮ್ಮ ಪರವಾಗಿ ಹಣ ಬಂದರೆ ವಕೀಲರು ಬೇಗನೆ ತಿಳಿಸಬೇಕು, ಕೇಳಿದಾಗ ಲೆಕ್ಕ ಕೊಡಬೇಕು. ಗೊತ್ತುಮಾಡಿದ ಫೀ ಬಾಕಿಯಿದ್ದರೆ ಪ್ರಕರಣ ಮುಗಿದ ಮೇಲೆ ಅದರಲ್ಲಿ ಮುರಿದುಕೊಳ್ಳಬಹುದು.

ಆದರೆ ಫೀ ಬಾಕಿಯೆಂದು ಕಾಗದಪತ್ರ ಹಿಡಿದಿಡುವಂತಿಲ್ಲ. ಇದು ತೀರ್ಮಾನವಾದದ್ದು ಒಂದು ಸಹಕಾರಿ ಸಂಸ್ಥೆಯ ಪ್ರಕರಣದಲ್ಲೇ. ಮಧ್ಯಪ್ರದೇಶ ರಾಜ್ಯ ಸಹಕಾರಿ ಬ್ಯಾಂಕಿನ ವಕೀಲರು ಫೀ ಬರುವವರೆಗೆ ಫೈಲು ಕೊಡುವುದಿಲ್ಲವೆಂದಾಗ, ಫೈಲು ಕಕ್ಷಿದಾರನದು, ಹಾಗೆ ಹಿಡಿದಿಡುವುದು ವೃತ್ತಿದುರ್ನಡತೆ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು.

ಪ್ರಕರಣ ಸೋತ ಮಾತ್ರಕ್ಕೆ ವಕೀಲರ ತಪ್ಪೆನ್ನಲಾಗದು. ಹೇಳದೆ ಗೈರುಹಾಜರಾಗುವುದು, ನಿಮ್ಮನ್ನು ಕೇಳದೆ ರಾಜಿ ಮಾಡುವುದು, ಅವಧಿ ಮೀರಲು ಬಿಡುವುದು ಬೇರೆ ಮಾತು. 2013ರ ಭೂಸ್ವಾಧೀನ ಕಾಯಿದೆಯಡಿ ಐತೀರ್ಪಿನ ವೇಳೆ ಹಾಜರಿದ್ದವರು ಪರಿಹಾರ ಸಾಲದೆಂದು ಅರ್ಜಿ ಹಾಕಲು 6 ವಾರವಷ್ಟೇ ಇದೆ. ತಾರೀಖುಗಳನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ಪ್ರಕರಣದ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇದ್ದರೆ ಸಾಕು.

ದುರ್ನಡತೆಯಾದರೆ ದಾಖಲೆಗಳೊಂದಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬೇಕು. ಗ್ರಾಹಕರ ನ್ಯಾಯಾಲಯಕ್ಕೆ ಹೋಗಲಾಗದೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಫೀ ಕೊಡಲಾಗದವರು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿದೆ.