ಹವೆಯ ಮುನ್ಸೂಚನೆಯೂ ಮೆಣಸಿನಕಾಯಿಯ ವ್ಯಾಪಾರವೂ

ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಗೆ ಸುಗ್ಗಿಯಲ್ಲಿ ಸುತ್ತಲಿನ ಸೀಮೆಯಿಂದಲ್ಲದೆ ಬಳ್ಳಾರಿ, ರಾಯಚೂರು ಜಿಲ್ಲೆಗಳಿಂದಲೂ ಮೆಣಸಿನಕಾಯಿ ಬರುವುದು ವಾಚಕರಿಗೆ ತಿಳಿದ ವಿಷಯವೇ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ. ಒಣಗಲು ಹರಡಿದ ಕಾಯಿಯ ಮೇಲೆ ಅಕಾಲದ ಮಳೆ ಬಿದ್ದರೆ ಬಣ್ಣವು ಕೆಡುವುದು, ಬೂಷ್ಟು ಹಿಡಿಯುವುದು, ಕೆಲವು ಜಾತಿಯ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷವೂ ಹುಟ್ಟುವುದು. ಆದ್ದರಿಂದ ರೈತರಂತೆಯೇ ವರ್ತಕರೂ ಹವೆಯ ಮುನ್ಸೂಚನೆಯನ್ನು ಓದಲು ಕಲಿಯತಕ್ಕದ್ದು.

1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯವರು ತಮ್ಮ ಪ್ರಕಟಣೆಗಳಲ್ಲಿ ಬಳಸುವ ಮಾತುಗಳಿಗೆ ಗೊತ್ತಾದ ಅರ್ಥವುಂಟು. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. ‘ಕೆಲವು ಕಡೆ’ ಎಂದರೆ 26ರಿಂದ 50. ‘ಹಲವು ಕಡೆ’ ಎಂದರೆ 51ರಿಂದ 75. ಅದಕ್ಕೆ ಮೀರಿದರೆ ‘ಬಹುತೇಕ ಎಲ್ಲ ಕಡೆ’. ಇವು ಮಳೆಯ ಹರವನ್ನು ಹೇಳುವುವೇ ಹೊರತು ಮೊತ್ತವನ್ನಲ್ಲ. ಒಂದು ದಿನಕ್ಕೆ 64.5 ಮಿಲಿಮೀಟರು ಮುಟ್ಟಿದರೆ ಮಾತ್ರ ಅದು ‘ಭಾರಿ ಮಳೆ’. ಮೆಣಸಿನಕಾಯಿಯನ್ನು ಕೆಡಿಸಲು ಐದು ಮಿಲಿಮೀಟರೇ ಸಾಕು. ಭಾರಿ ಮಳೆಯ ಎಚ್ಚರಿಕೆ ಇಲ್ಲವೆಂದು ನೆಮ್ಮದಿಯಿಂದಿರುವುದು ತಪ್ಪು.

‘ಮುನ್ಸೂಚನೆ ಸುಳ್ಳಾಯಿತು, ತಾಡಪತ್ರಿ ಹೊದಿಸಿದ ಕೂಲಿ ದಂಡವಾಯಿತು’ ಎಂದು ವರ್ತಕರು ಅನೇಕಾವೃತ್ತಿ ನನ್ನೊಡನೆ ಹೇಳಿದ್ದಾರೆ. ಇದಕ್ಕೆ ಉತ್ತರವು ಲೆಕ್ಕದಲ್ಲಿದೆ. ಉದಾಹರಣೆಗೆ, ಒಂದು ಸಲ ಮಾಲನ್ನು ಒಟ್ಟುಗೂಡಿಸಿ ಮುಚ್ಚಿಸಲು ಹಮಾಲರಿಗೆ 2,000 ರೂಪಾಯಿ ತಗಲುವುದೆಂದೂ, ನೆನೆದರೆ ಆಗುವ ನಷ್ಟ 20,000 ರೂಪಾಯಿ ಎಂದೂ ಭಾವಿಸೋಣ. ಇಂಥ ಹತ್ತು ಸೂಚನೆಗಳಲ್ಲಿ ಎರಡು ಮಾತ್ರ ನಮ್ಮ ಕಣಕ್ಕೆ ನಿಜವಾದುವೆನ್ನೋಣ. ಹತ್ತು ಸಲವೂ ಮುಚ್ಚಿದವನಿಗೆ ವೆಚ್ಚ 20,000. ಒಮ್ಮೆಯೂ ಮುಚ್ಚದವನಿಗೆ ನಷ್ಟ 40,000. ಎಂಟು ಸಲ ಮಳೆ ಬಾರದಿದ್ದರೂ ಲಾಭವು ಮುಚ್ಚಿದವನದೇ. ವೆಚ್ಚವು ನಷ್ಟದ ಹತ್ತನೆಯ ಒಂದು ಪಾಲಾಗಿರುವಲ್ಲಿ, ಮಳೆಯ ಸಂಭವವು ಹತ್ತರಲ್ಲಿ ಒಂದಕ್ಕಿಂತ ಹೆಚ್ಚಾದರೆ ಮುಚ್ಚತಕ್ಕದ್ದು, ಕಡಮೆಯಾದರೆ ಬಿಡಬಹುದು. ಪ್ರತಿಯೊಬ್ಬನೂ ತನ್ನ ಅಂಕಿಗಳನ್ನು ಹಾಕಿ ನೋಡಿಕೊಳ್ಳಲಿ.

ಮುಂಗಾರಿನ ದೀರ್ಘಾವಧಿ ಮುನ್ಸೂಚನೆಯ ವಿಷಯ ಬೇರೆ. ಏಪ್ರಿಲ್‌ನಲ್ಲಿ ಹೊರಡುವ ಈ ಪ್ರಕಟಣೆಯು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಕ್ಕೆಲ್ಲಾ ಸೇರಿದ ಮಳೆಯನ್ನು ಕುರಿತದ್ದು. 1971ರಿಂದ 2020ರವರೆಗಿನ ಸರಾಸರಿ 87 ಸೆಂಟಿಮೀಟರು. ಅದರಲ್ಲಿ ನೂರಕ್ಕೆ 96ರಿಂದ 104 ಬಿದ್ದರೆ ‘ವಾಡಿಕೆ’ ಎನ್ನುವರು. ದೇಶಕ್ಕೆ ವಾಡಿಕೆಯ ವರ್ಷವೇ ಒಂದು ತಾಲ್ಲೂಕಿಗೆ ಬರಗಾಲವಾಗಬಹುದು. ಈ ಒಂದೇ ಅಂಕಿಯನ್ನು ನಂಬಿ ಸಾಲ ತಂದು ಶೀತಲಗೃಹದಲ್ಲಿ ಮಾಲು ಕೂಡಿಹಾಕುವುದು ವ್ಯಾಪಾರವಲ್ಲ, ಜೂಜು. ಬೆಳೆ ನಿಂತಿರುವ ಜಿಲ್ಲೆ, ಮಾಲು ಬರುವ ದಾರಿ, ಪೇಟೆಯ ಕಣ, ಈ ಮೂರರ ಮುನ್ಸೂಚನೆಗಳನ್ನೂ ದಿನದಿನವೂ ನೋಡುತ್ತಿರಬೇಕು.

ಕೊನೆಯದಾಗಿ ಒಂದು ಮಾತು. ಮಳೆಯ ಸುದ್ದಿಯನ್ನು ಮೊದಲು ತಿಳಿದವನು ಗಾಡಿಯೊಡನೆ ನಿಂತ ರೈತನನ್ನು ಹೆದರಿಸಿ ಅಗ್ಗಕ್ಕೆ ಕೊಳ್ಳುವುದು ಸುಲಭ. ಆ ದಿನದ ಮುನ್ಸೂಚನೆಯನ್ನು ಪ್ರತಿಯೊಂದು ಅಂಗಡಿಯ ಮುಂದೆ ದೊಡ್ಡಕ್ಷರದಲ್ಲಿ ಬರೆದು ತೂಗುಹಾಕಿದರೆ ಹೆದರಿಕೆಗೆ ಎಡೆಯಿರದು. ರೈತನು ಒಣಗಿದ ಕಾಯಿಯನ್ನೇ ತರುವನು. ವರ್ತಕನಿಗೂ ಅದೇ ಲಾಭ.