ಏಡ್ಸ್ ಪಾಠ ಕೇಳಿದರೆ ಮಗ ಕೆಡುತ್ತಾನೆಯೇ?

ನೋಡಿ ಅಮ್ಮ, ಏಡ್ಸ್ ಪಾಠಕ್ಕೆ ಶಾಲೆಯವರು ಕೊಟ್ಟ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಕಳಿಸಿ. ಇಂಥ ಪಾಠ ಕೇಳಿದ ಮಕ್ಕಳು ದಾರಿ ತಪ್ಪುತ್ತಾರೆ ಎಂಬ ನಿಮ್ಮ ಯಜಮಾನರ ಭಯಕ್ಕೆ ಆಧಾರವಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ನೋಡಿ ಯುನೆಸ್ಕೊ 2018ರಲ್ಲಿ ಹೇಳಿದ್ದೂ ಅದನ್ನೇ. ಯಜಮಾನರೊಬ್ಬರನ್ನೇ ದೂರುವುದು ಬೇಡ, 2007ರಲ್ಲಿ ಕರ್ನಾಟಕ ಸೇರಿದಂತೆ ಕೆಲವು ರಾಜ್ಯ ಸರ್ಕಾರಗಳೇ ಹೆದರಿ ಇಂಥ ಪಾಠಗಳಿದ್ದ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮಕ್ಕೆ ತಡೆ ಹಾಕಿದ್ದವು!

ಪಾಠದಲ್ಲಿ ಮಗ ಕಲಿಯುವುದು ಇಂಥದ್ದನ್ನು: ವಠಾರದ ಸಾಮೂಹಿಕ ಶೌಚಾಲಯ, ಬೀದಿ ನಲ್ಲಿ, ಸೊಳ್ಳೆ, ಒಂದೇ ತಟ್ಟೆಯ ಊಟ, ಇವುಗಳಿಂದ ಏಡ್ಸ್ ತರುವ ಎಚ್‌ಐವಿ ಬರುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಸೋಂಕಿತ ತಾಯಿಯಿಂದ ಮಗುವಿಗೆ, ಹೀಗೆ ಬರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಪಾಠದ ವಿಷಯವಲ್ಲ. ಓಣಿಯ ದೊಡ್ಡ ಹುಡುಗರು ಸಂಜೆ ಸಿರಿಂಜ್ ಹಿಡಿದು ಕೂರುತ್ತಾರೆ, ಮಗನೂ ಅಲ್ಲೇ ಸುಳಿಯುತ್ತಾನೆ ಎಂದು ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೀರಲ್ಲ, ಅದು. ಬೈಯಬೇಡಿ, ಬೈದರೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಅಲ್ಲಿ ಏನು ನಡೆಯುತ್ತದೆ ಎಂದು ಅವನನ್ನೇ ಕೇಳಿ. ಸೂಜಿ ಚುಚ್ಚಿಕೊಂಡಿದ್ದರೆ 72 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ, ಸೋಂಕು ತಡೆಯುವ ಮಾತ್ರೆ ಇದೆ. ತಡವಾಗಿದ್ದರೂ ಹೋಗಿ, ಅಲ್ಲಿನ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ.

ಇನ್ನು ಅವನ ತರಗತಿಯ ಸೋಂಕಿತ ಹುಡುಗಿಯನ್ನು ಶಾಲೆ ಬಿಡಿಸಬೇಕೆನ್ನುವ ನೆರೆಯವರಿಗೆ, 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅದು ಕಾನೂನುಬಾಹಿರ ಎಂದು ತಿಳಿಸಿ. ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಅವರೇ ಫೋನ್ ಮಾಡಲಿ, ದುಡ್ಡು ಬೀಳುವುದಿಲ್ಲ.